ಪಾಲು ಬೇಡವೆಂದ ಕ್ಯಾಪ್ಟನ್

ಡಿಪ್ಲೊಮಾ ಮುಗಿಸಿ ಒಂದು ಕಾರ್ಖಾನೆಗೆ ಟ್ರೈನಿಯಾಗಿ ಸೇರಿದಾಗ ಕಾಗದದಲ್ಲಿ ನನ್ನ ಪಾಳಿ ಎಂಟು ಗಂಟೆಯದ್ದಾಗಿತ್ತು. ವಾಸ್ತವದಲ್ಲಿ ಹನ್ನೆರಡು. ಕೊನೆಯ ನಾಲ್ಕು ಗಂಟೆ ಕೈ ಕೆಲಸ ಮಾಡುತ್ತಿತ್ತು, ತಲೆ ನಿದ್ದೆ ಹೋಗಿರುತ್ತಿತ್ತು. ಆ ದಿನಗಳಲ್ಲೇ ಮೆಟಲರ್ಜಿ ಪುಸ್ತಕದಲ್ಲಿ ಒಂದೇ ಸಾಲಿಗೆ ಮುಗಿದುಹೋಗಿದ್ದ ಒಂದು ಹೆಸರಿನ ಬೆನ್ನು ಹತ್ತಿದೆ: ಜೋನ್ಸ್ ಮಿಕ್ಸರ್ ಕಂಡುಹಿಡಿದ ವಿಲಿಯಂ ಜೋನ್ಸ್.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1839ರಲ್ಲಿ ಹುಟ್ಟಿದ ಜೋನ್ಸ್, ವೇಲ್ಸ್‌ನಿಂದ ವಲಸೆ ಬಂದ ಕುಟುಂಬದ ಹುಡುಗ. ಹತ್ತನೇ ವಯಸ್ಸಿಗೆ ಕಬ್ಬಿಣದ ಕಾರ್ಖಾನೆ ಸೇರಿದರು. ಅಂತರ್ಯುದ್ಧದಲ್ಲಿ ಕ್ಯಾಪ್ಟನ್ ಆದರು. ಆ ಬಿರುದು ಕೊನೆಯವರೆಗೂ ಅಂಟಿಕೊಂಡಿತು. ಜಾನ್ಸ್‌ಟೌನ್ ಪಟ್ಟಣದ ಕೇಂಬ್ರಿಯಾ ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದರೂ 1873ರಲ್ಲಿ ಸೂಪರಿಂಟೆಂಡೆಂಟ್ ಹುದ್ದೆ ತೆರವಾದಾಗ ಅದು ಬೇರೆಯವರ ಪಾಲಾಯಿತು. ಸಂದರ್ಶನಗಳಲ್ಲಿ ಸೋತು ಬಂದ ನನ್ನಂಥವರಿಗೆ ಈ ಭಾಗ ಚೆನ್ನಾಗಿ ಅರ್ಥವಾಗುತ್ತದೆ.

ಆಗ ಪಿಟ್ಸ್‌ಬರ್ಗ್ ಬಳಿಯ ಬ್ರಾಡಕ್‌ನಲ್ಲಿ ಆಂಡ್ರ್ಯೂ ಕಾರ್ನೆಗಿಯ ಎಡ್ಗರ್ ಥಾಮ್ಸನ್ ಉಕ್ಕಿನ ಕಾರ್ಖಾನೆ ಏಳುತ್ತಿತ್ತು. ಜೋನ್ಸ್ ಅಲ್ಲಿಗೆ ಹೋದರು. ಹಳೆಯ ಕಂಪನಿಯ ಅನೇಕ ಕುಶಲ ಕೆಲಸಗಾರರೂ ಹಿಂದೆಯೇ ಬಂದರು. 1875ರಲ್ಲಿ ರೈಲು ಕಂಬಿಗಳ ತಯಾರಿ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಉತ್ಪಾದನೆಯಲ್ಲಿ ಬ್ರಾಡಕ್ ಪ್ರತಿಸ್ಪರ್ಧಿಗಳನ್ನು ಹಿಂದಿಕ್ಕಿತು.

ಎಲ್ಲೆಡೆ ಹನ್ನೆರಡು ಗಂಟೆಯ ಎರಡು ಪಾಳಿಗಳಿದ್ದಾಗ ಜೋನ್ಸ್ ಎಂಟು ಗಂಟೆಯ ಮೂರು ಪಾಳಿ ತಂದರು. ಇದು ಬರೀ ಕರುಣೆಯಲ್ಲ, ಲೆಕ್ಕಾಚಾರ. ಕುಲುಮೆಯ ಶಾಖದಲ್ಲಿ ದಣಿದವನು ನಿಧಾನವಾಗುತ್ತಾನೆ, ತಪ್ಪು ಮಾಡುತ್ತಾನೆ. ವಿಶ್ರಾಂತಿ ಪಡೆದವನು ಹೆಚ್ಚು ಉಕ್ಕು ಕೊಡುತ್ತಾನೆ ಎಂಬುದು ಅವರ ವಾದವಾಗಿತ್ತು.

ಕಾರ್ನೆಗಿ ಕಂಪನಿಯಲ್ಲಿ ಪಾಲು ಕೊಡುತ್ತೇನೆಂದರು. ಜೋನ್ಸ್ ಒಪ್ಪಲಿಲ್ಲ. ಪಾಲುದಾರನಾದರೆ ಕೆಲಸಗಾರರು ತನ್ನನ್ನು ಮೊದಲಿನ ಹಾಗೆ ನೋಡುವುದಿಲ್ಲ ಎಂಬ ಅಳುಕು ಅವರದು. ಬದಲಿಗೆ ಭಾರೀ ಸಂಬಳ ಕೇಳಿದರು. ವರ್ಷಕ್ಕೆ 25,000 ಡಾಲರ್ ಸಿಕ್ಕಿತು.

ಆದರೆ ಪಾಲಿಲ್ಲದವನ ಮಾತಿಗೆ ತೂಕವೆಷ್ಟು? ಪ್ರತಿಸ್ಪರ್ಧಿಗಳೆಲ್ಲ ಹನ್ನೆರಡು ಗಂಟೆ ದುಡಿಸುತ್ತಿದ್ದಾರೆಂದು 1888ರಲ್ಲಿ ಕಾರ್ನೆಗಿ ಹಳೆಯ ಪಾಳಿಯನ್ನೇ ಮರಳಿ ತಂದರು. ಕಾರ್ಮಿಕರು ತಿಂಗಳುಗಟ್ಟಲೆ ಹೋರಾಡಿ ಸೋತರು. ಜೋನ್ಸ್ ಹುದ್ದೆಯಲ್ಲೇ ಉಳಿದರು. ಇದನ್ನು ಓದಿದಾಗ ನನಗೆ ಪೆಚ್ಚೆನಿಸಿತು. ಪಾಲು ತೆಗೆದುಕೊಂಡಿದ್ದರೆ? ಬಹುಪಾಲು ಕಾರ್ನೆಗಿಯ ಕೈಯಲ್ಲೇ ಇತ್ತಲ್ಲ, ಆಗಲೂ ನಡೆಯುತ್ತಿರಲಿಲ್ಲವೇನೋ.

1889 ಅವರ ಕೊನೆಯ ವರ್ಷ. ಮೇ 31ರಂದು ಜಾನ್ಸ್‌ಟೌನ್ ಮೇಲಿನ ಅಣೆಕಟ್ಟು ಒಡೆದು 2,200ಕ್ಕೂ ಹೆಚ್ಚು ಜನ ಸತ್ತರು. ಅಣೆಕಟ್ಟು ಶ್ರೀಮಂತರ ಕ್ಲಬ್ಬೊಂದರದು, ಕಾರ್ನೆಗಿಯೂ ಅದರ ಸದಸ್ಯ. ಜೋನ್ಸ್ ತಮ್ಮ ಕೆಲಸಗಾರರ ದೊಡ್ಡ ತಂಡದೊಂದಿಗೆ ಹಳೆಯ ಊರಿಗೆ ಧಾವಿಸಿ ಅವಶೇಷ ತೆಗೆಯಲು ನಿಂತರು. ಅದೇ ಜೂನ್‌ನಲ್ಲಿ ಮಿಕ್ಸರ್‌ಗೆ ಪೇಟೆಂಟ್ ಸಿಕ್ಕಿತು. ಒಂದೊಂದು ಊದುಕುಲುಮೆಯ ಕಬ್ಬಿಣದ ಗುಣ ಒಂದೊಂದು ಥರ. ಅದನ್ನೆಲ್ಲ ದ್ರವರೂಪದಲ್ಲೇ ದೊಡ್ಡ ಪಾತ್ರೆಯಲ್ಲಿ ಬೆರೆಸಿ, ಬೇಕಾದಾಗ ಉಕ್ಕಿನ ಕನ್ವರ್ಟರ್‌ಗೆ ಸುರಿಯುವ ವ್ಯವಸ್ಥೆಯದು. ತಣಿಸಿ ಮತ್ತೆ ಕರಗಿಸುವ ಖರ್ಚೇ ಇಲ್ಲ.

ಸೆಪ್ಟೆಂಬರ್ 26ರಂದು ಕುಲುಮೆಯೊಂದು ಕಟ್ಟಿಕೊಂಡಿತು. ಆಫೀಸಿನಲ್ಲಿ ಕೂರಬಹುದಾಗಿದ್ದ ಸೂಪರಿಂಟೆಂಡೆಂಟ್ ಕೆಲಸಗಾರರ ಜೊತೆ ಅದರ ಮುಂದೆಯೇ ನಿಂತಿದ್ದರು. ಕುಲುಮೆ ಸಿಡಿಯಿತು. ಎರಡು ದಿನಗಳ ನಂತರ ಜೋನ್ಸ್ ತೀರಿಕೊಂಡರು. ವಯಸ್ಸು ಐವತ್ತು. ಶವಯಾತ್ರೆಗೆ ಸಾವಿರಾರು ಜನ ಸೇರಿದರು.

ಮಿಕ್ಸರ್ ಪೇಟೆಂಟ್‌ನ ಹಕ್ಕನ್ನು ಕಂಪನಿ ಅವರ ಕುಟುಂಬದಿಂದ ಪಡೆದುಕೊಂಡಿತು. ಅವರ ಕುರ್ಚಿಗೆ ಬಂದದ್ದು ಅವರ ಕೈಕೆಳಗೇ ಕೆಲಸ ಕಲಿತ ಚಾರ್ಲ್ಸ್ ಶ್ವಾಬ್. ಹನ್ನೆರಡು ಗಂಟೆಯ ಪಾಳಿಯನ್ನು ಕಾರ್ನೆಗಿ ಕಂಪನಿಯಿಂದ ಬೆಳೆದ ಯು.ಎಸ್. ಸ್ಟೀಲ್ ಕೈಬಿಡಲು ಶುರುಮಾಡಿದ್ದು 1923ರಲ್ಲಿ.