ಸರ್ ಎಂ.ವಿ. ಬರೀ ಅಣೆಕಟ್ಟಿನ ಇಂಜಿನಿಯರ್ ಅಲ್ಲ: ಫಾರ್ವರ್ಡ್‌ಗಳು ಹೇಳದ ನಲ್ಲಿ, ಚರಂಡಿಯ ಕಥೆ

ಸೆಪ್ಟೆಂಬರ್ 15 ಹತ್ತಿರ ಬಂದರೆ ಸಾಕು, ಫ್ಯಾಮಿಲಿ ಗ್ರೂಪ್‌ಗಳಲ್ಲಿ ಪೇಟ ತೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ, ಹಿಂದೆ ಕೆಆರ್‌ಎಸ್ ಅಣೆಕಟ್ಟು, ಕೆಳಗೆ ಇಂಜಿನಿಯರ್‌ಗಳ ದಿನದ ಶುಭಾಶಯ. ವಿಜಯನಗರದ ಓದುಗರೊಬ್ಬರು ನಮಗೆ ಕಳಿಸಿದ ಇಂಥದೇ ಒಂದು ಫಾರ್ವರ್ಡ್‌ನಲ್ಲಿ ಒಂದು ಗೇಲಿಯೂ ಇತ್ತು. ಆ ಕಾಲದ ಇಂಜಿನಿಯರ್‌ಗಳು ಅಣೆಕಟ್ಟು ಕಟ್ಟಿದರು, ಈಗಿನ ಮಕ್ಕಳು ಪರಿಸರ ಇಂಜಿನಿಯರಿಂಗ್ ಅಂತ ಗಿಡ ನೆಡುವ ಕೋರ್ಸ್ ಸೇರುತ್ತಿದ್ದಾರೆ ಎಂದು ಅದರ ಸಾರ. ಓದುಗರ ಮಗಳಿಗೆ ಅದೇ ಕೋರ್ಸ್ ಬೇಕಂತೆ. ಸೇರಿಸಬಹುದಾ ಎಂದು ಅವರು ಕೇಳಿದ್ದರು.

ಗೇಲಿ ಮಾಡಲು ಯಾರ ಹೆಸರು ಬಳಸಿದ್ದಾರೋ ಅವರ ಬದುಕಿನಲ್ಲೇ ಇದಕ್ಕೆ ಉತ್ತರವಿದೆ. ನೋಡೋಣ ಬನ್ನಿ.

ಮುದ್ದೇನಹಳ್ಳಿಯಿಂದ ಪುಣೆಗೆ

ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿಎ ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದರು. 1883ರಲ್ಲಿ ಎಲ್‌ಸಿಇ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದರು. ಇದು ಸಿವಿಲ್ ಇಂಜಿನಿಯರಿಂಗ್‌ನಲ್ಲಿ ಅಂದು ಕೊಡುತ್ತಿದ್ದ ಲೈಸೆನ್ಷಿಯೇಟ್ ಪದವಿ. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆದರು.

ಕಾಲರಾ ಹುಡುಕುತ್ತಾ ಕೋಲ್ಕತ್ತಾಗೆ ಬಂದಿದ್ದ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ ಅದರ ರೋಗಾಣುವನ್ನು ಗುರುತಿಸಿದ್ದೂ 1884ರಲ್ಲೇ. ರೋಗ ಕೆಟ್ಟ ಗಾಳಿಯಿಂದಲ್ಲ, ಕೊಳಕು ನೀರಿನಿಂದ ಹರಡುತ್ತದೆ ಎಂದಾದರೆ, ಅದನ್ನು ತಡೆಯುವ ಕೆಲಸ ಡಾಕ್ಟರ್ ಒಬ್ಬರದೇ ಅಲ್ಲ, ನೀರಿನ ಪೈಪು ಮತ್ತು ಚರಂಡಿ ಮಾಡುವ ಇಂಜಿನಿಯರದೂ ಹೌದು.

1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಇದನ್ನು ಕಣ್ಣಾರೆ ಕಂಡಿತು. ಎಲ್ಬೆ ನದಿಯ ನೀರನ್ನು ಸೋಸದೆ ಕುಡಿಯುತ್ತಿದ್ದ ಆ ಊರಲ್ಲಿ ಕಾಲರಾಗೆ 8,000ಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ಆಲ್ಟೋನಾದವರೂ ಅದೇ ನದಿಯ ನೀರನ್ನೇ ಕುಡಿಯುತ್ತಿದ್ದರು, ಆದರೆ ಮರಳಿನಲ್ಲಿ ಸೋಸಿ. ಅಲ್ಲಿ ಸಾವು ಬಹಳ ಕಡಿಮೆ.

ಸುಕ್ಕೂರಿನ ಮರಳು ಬಾವಿ

ಮರುವರ್ಷವೇ, ಅಂದರೆ 1893ರಲ್ಲಿ, ವಿಶ್ವೇಶ್ವರಯ್ಯನವರಿಗೆ ಸಿಂಧ್‌ನ ಸುಕ್ಕೂರ್ ಪಟ್ಟಣಕ್ಕೆ ನೀರು ಕೊಡುವ ಕೆಲಸ ಬಂತು. ಸಿಂಧ್ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಸಿಂಧೂ ನದಿಯ ನೀರಿನಲ್ಲಿ ಕೆಸರು. ದೊಡ್ಡ ಫಿಲ್ಟರ್ ಕಟ್ಟಲು ಪುರಸಭೆ ಬಳಿ ದುಡ್ಡಿಲ್ಲ. ಅವರು ನದಿಯ ಪಾತ್ರದಲ್ಲೇ ದುಂಡನೆಯ ಬಾವಿ ತೋಡಿಸಿದರು. ನದಿಯ ನೀರು ತಳದ ಮರಳಿನ ಮೂಲಕ ಜಿನುಗಿ, ಸೋಸಿಕೊಂಡು ಬಾವಿಗೆ ಬಂತು. ಅಲ್ಲಿಂದ ಪಂಪ್ ಮಾಡಿ ಊರಿಗೆ ಕೊಟ್ಟರು. 1895ರಲ್ಲಿ ಕೆಲಸ ಮುಗಿಯಿತು.

ಇಲ್ಲಿ ಒಂದು ಎಚ್ಚರಿಕೆ. ಮರಳು ಕೆಸರನ್ನೂ ಬಹುಪಾಲು ರೋಗಾಣುಗಳನ್ನೂ ತಡೆಯುತ್ತದೆ. ಆದರೆ ನೀರಿನಲ್ಲಿ ಕರಗಿದ ನೈಟ್ರೇಟ್, ಫ್ಲೋರೈಡ್‌ನಂಥವನ್ನು ತಡೆಯುವುದಿಲ್ಲ. ತಿಳಿಯಾಗಿ ಕಾಣುವ ಬೋರ್‌ವೆಲ್ ನೀರೆಲ್ಲ ಶುದ್ಧ ಎನ್ನುವ ಫಾರ್ವರ್ಡ್ ಬಂದರೆ ನಂಬಬೇಡಿ. ಪರೀಕ್ಷೆ ಮಾಡಿಸಿ.

ಹುದ್ದೆಯ ಹೆಸರೇ ಸ್ಯಾನಿಟರಿ ಇಂಜಿನಿಯರ್

1900ರ ನಂತರದ ವರ್ಷಗಳಲ್ಲಿ ಅವರು ಮುಂಬೈ ಸರ್ಕಾರದ ಸ್ಯಾನಿಟರಿ ಇಂಜಿನಿಯರ್ ಆಗಿದ್ದರು. ಊರೂರಿಗೆ ಕುಡಿಯುವ ನೀರು, ಒಳಚರಂಡಿ ಯೋಜಿಸುವುದೇ ಆ ಹುದ್ದೆಯ ಕೆಲಸ. 1906ರಲ್ಲಿ ಮಳೆಯೇ ಅಪರೂಪವಾದ ಏಡನ್ ಬಂದರಿಗೆ ಹೋಗಿ ನೀರು ಮತ್ತು ಚರಂಡಿಯ ಯೋಜನೆ ಕೊಟ್ಟರು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿತು. ಸತ್ತವರು ಅಂದಾಜು 15,000. ಮರುವರ್ಷ ಅಲ್ಲಿಗೆ ಹೋದ ವಿಶ್ವೇಶ್ವರಯ್ಯ, ಪ್ರವಾಹವನ್ನು ಊರಿಗೆ ಬರುವ ಮೊದಲೇ ಹಿಡಿದಿಡಲು ಮೇಲ್ಭಾಗದಲ್ಲಿ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದದ್ದು ಹೀಗೆ. ಅಲ್ಲಿಗೆ ನಿಲ್ಲಿಸದೆ ನಗರಕ್ಕೆ ಒಳಚರಂಡಿಯನ್ನೂ ಯೋಜಿಸಿದರು.

ಸ್ಯಾನಿಟರಿ ಇಂಜಿನಿಯರಿಂಗ್ ಎನ್ನುತ್ತಿದ್ದ ಈ ವಿದ್ಯೆಯೇ ಮುಂದೆ ವಾಯುಮಾಲಿನ್ಯ, ಕಸ, ಕಾರ್ಖಾನೆ ತ್ಯಾಜ್ಯವನ್ನೂ ಸೇರಿಸಿಕೊಂಡು ಪರಿಸರ ಇಂಜಿನಿಯರಿಂಗ್ ಆಯಿತು.

ಕೆಆರ್‌ಎಸ್ ಒಬ್ಬರೇ ಕಟ್ಟಿದ್ದಾ?

ಇಲ್ಲ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ಬಂದ ಅವರು ಯೋಜನೆ ರೂಪಿಸಿ, ಅದಕ್ಕಾಗಿ ಹೋರಾಡಿದ್ದು ನಿಜ. 1911ರಲ್ಲಿ ಕೆಲಸ ಶುರುವಾಯಿತು. ಅವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಅಣೆಕಟ್ಟು ಪೂರ್ಣಗೊಂಡದ್ದು 1930ರ ದಶಕದ ಆರಂಭದಲ್ಲಿ. ಅದರ ಹಿಂದೆ ನಾಲ್ವಡಿ ಕೃಷ್ಣರಾಜ ಒಡೆಯರ್, ಹಲವು ಇಂಜಿನಿಯರ್‌ಗಳು, ಸಾವಿರಾರು ಕೂಲಿಗಳಿದ್ದಾರೆ.

ನಮ್ಮ ಬೀದಿಗೆ ಬಂದರೆ

ಬೆಂಗಳೂರಿಗೆ 1890ರ ದಶಕದಿಂದ ಹೆಸರಘಟ್ಟ ಕೆರೆ ನೀರು ಕೊಡುತ್ತಿತ್ತು. 1920ರ ದಶಕದಲ್ಲಿ ಮಳೆ ಕೈಕೊಟ್ಟಾಗ ಅದು ಸಾಲದಾಯಿತು. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿ ಅರ್ಕಾವತಿ ಮತ್ತು ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯನ್ನು ಆರಿಸಿತು. 1933ರಿಂದ ಅಲ್ಲಿನ ಜಲಾಶಯ ನಗರಕ್ಕೆ ನೀರು ಕೊಟ್ಟಿತು. 1974ರಲ್ಲಿ ಕಾವೇರಿ ಬಂದ ಮೇಲೂ ಪಶ್ಚಿಮ ಬೆಂಗಳೂರಿನ ಬಡಾವಣೆಗಳು ಅದನ್ನು ನೆಚ್ಚಿಕೊಂಡಿದ್ದವು. ಒಳಹರಿವು ಕುಸಿದು, ಮಾಲಿನ್ಯ ಸೇರಿ, 2010ರ ದಶಕದಲ್ಲಿ ಕುಡಿಯುವ ನೀರಿನ ಪೂರೈಕೆ ನಿಂತಿತು.

ಊರಿಗೆ 100 ಲೀಟರ್ ನೀರು ತಂದರೆ ಸುಮಾರು 80 ಲೀಟರ್ ಕೊಳಚೆಯಾಗಿ ಹೊರಬರುತ್ತದೆ ಎಂಬುದು ಇಂಜಿನಿಯರ್‌ಗಳು ಹಾಕುವ ಲೆಕ್ಕ. ಏಡನ್, ಹೈದರಾಬಾದ್‌ಗೆ ನೀರು, ಚರಂಡಿ ಎರಡನ್ನೂ ಒಟ್ಟಿಗೆ ಯೋಜಿಸಿದ್ದು ಇದಕ್ಕೇ. ನಾವು ಅಣೆಕಟ್ಟನ್ನು ನೆನಪಿಟ್ಟುಕೊಂಡೆವು, ಚರಂಡಿಯನ್ನು ಮರೆತೆವು. ರಾಜಾಜಿನಗರ, ವಿಜಯನಗರ ಕಡೆಯ ರಾಜಕಾಲುವೆಗಳ ನೀರು ವೃಷಭಾವತಿ ಸೇರಿ, ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ ಹೋಗುತ್ತದೆ. ಬಸ್ಸಿನ ಕಿಟಕಿ ಮುಚ್ಚಿಕೊಂಡು ನಾವು ದೊಡ್ಡ ಮೋರಿ ಎಂದು ಕರೆಯುವುದು ಒಂದು ನದಿಯನ್ನು.

ಹಾಗಾದರೆ ಕೋರ್ಸ್?

ಅಲ್ಲಿ ಕಲಿಸುವುದು ನೀರಿನ ರಸಾಯನಶಾಸ್ತ್ರ, ಸೂಕ್ಷ್ಮಾಣುಗಳು, ಪೈಪಿನ ಹರಿವಿನ ಲೆಕ್ಕ, ಕೊಳಚೆ ಶುದ್ಧೀಕರಣ ಘಟಕದ ವಿನ್ಯಾಸ, ಕಸ ಮತ್ತು ಗಾಳಿಯ ನಿರ್ವಹಣೆ. ಗಣಿತ ಇದ್ದೇ ಇದೆ. ಮೈಸೂರಿನ ಎಸ್‌ಜೆಸಿಇಯಲ್ಲಿ ಇದು ಬಿಇ ಮಟ್ಟದಲ್ಲೇ ಇದೆ. ಸಿವಿಲ್ ಓದಿ ಸ್ನಾತಕೋತ್ತರದಲ್ಲಿ ಆರಿಸಿಕೊಳ್ಳುವ ದಾರಿಯೂ ಇದೆ. ವಿಶ್ವೇಶ್ವರಯ್ಯ 1917ರಲ್ಲಿ ಆರಂಭಿಸಿದ ಇಂಜಿನಿಯರಿಂಗ್ ಕಾಲೇಜೇ ಇಂದಿನ ಯುವಿಸಿಇ. ಅದರ ಸಿವಿಲ್ ವಿಭಾಗ ಬೆಳೆದದ್ದು ವೃಷಭಾವತಿಯ ಪಕ್ಕದ ಜ್ಞಾನಭಾರತಿ ಆವರಣದಲ್ಲಿ. ಸೇರುವ ಮುನ್ನ ಕೆಲಸದ ಅವಕಾಶ, ಕಾಲೇಜಿನ ಪ್ರಯೋಗಾಲಯ ಎರಡನ್ನೂ ವಿಚಾರಿಸಿ. ಗಿಡ ನೆಡುವ ಕೋರ್ಸ್ ಎಂಬ ಕಾರಣಕ್ಕೆ ಬೇಡ ಎನ್ನಬೇಡಿ.

ನೂರು ವರ್ಷ ದಾಟಿ ಬದುಕಿ, 1955ರಲ್ಲಿ ಭಾರತರತ್ನ ಪಡೆದು, 1962ರ ಏಪ್ರಿಲ್‌ನಲ್ಲಿ ತೀರಿಕೊಂಡ ವಿಶ್ವೇಶ್ವರಯ್ಯ ಅರ್ಧ ವೃತ್ತಿಜೀವನ ಮಾಡಿದ್ದು ಆ ಹುಡುಗಿ ಓದಬೇಕೆಂದಿರುವ ಕೆಲಸವನ್ನೇ. ಸೆಪ್ಟೆಂಬರ್ 15ಕ್ಕೆ ಆ ಫೋಟೊ ಮತ್ತೆ ಬಂದರೆ, ಜೊತೆಗೆ ಇದನ್ನೂ ಕಳಿಸಿ.