ಕೆಂಪಿನಾಚೆಯ ಬಿಸಿ

ಬಾದಾಮಿಯ ಬೇಸಿಗೆಯನ್ನು ಬಲ್ಲವರಿಗೆ ಅಲ್ಲಿಯ ಬಂಡೆಗಳ ಸ್ವಭಾವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹೊತ್ತು ಮುಳುಗಿ ಅಗಸ್ತ್ಯತೀರ್ಥದ ನೀರು ಕಪ್ಪಿಟ್ಟ ಮೇಲೆಯೂ ಆ ಕೆಂಪು ಮರಳುಗಲ್ಲಿನ ಹತ್ತಿರ ಸುಳಿದರೆ ಮುಖಕ್ಕೆ ಝಳ ಬಡಿಯುತ್ತದೆ. ನಾನು ಹುನಗುಂದ ತಾಲ್ಲೂಕಿನವನು. ತಾಯಿಯ ತವರು ಬಾದಾಮಿ. ಅಲ್ಲಿದ್ದ ನಮ್ಮ ಆಯಿ ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡಿದ್ದಳು. ಸಂಜೆ ಹಿತ್ತಲ ಗೋಡೆಯನ್ನು ಮುಟ್ಟದೆ, ಅಂಗೈಯನ್ನು ಗೇಣು ದೂರದಲ್ಲಿ ಹಿಡಿದು, ಯಾವ ಮೂಲೆಗೆ ಕಡೆಯ ತನಕ ಬಿಸಿಲಿತ್ತು, ಯಾವುದಕ್ಕೆ ಬೇಗ ನೆರಳಾಯಿತು ಎಂಬುದನ್ನು ತಪ್ಪಿಲ್ಲದೆ ಹೇಳುತ್ತಿದ್ದಳು. ಕಣ್ಣಿಗೆ ಕಾಣದ ಬೆಳಕೊಂದಿದೆ, ಅದನ್ನು ಚರ್ಮವು ಅರಿಯುತ್ತದೆ ಎಂಬ ಮಾತು ನನಗೆ ತಿಳಿದದ್ದು ಬಹಳ ತಡವಾಗಿ. ಕನ್ನಡ ಎಂ.ಎ. ಮುಗಿಸಿ ಇಳಕಲ್ಲಿನಲ್ಲಿ ಪಾಠ ಹೇಳತೊಡಗಿದ ಮೇಲೆ, ಆಕಸ್ಮಿಕವಾಗಿ ವಿಲಿಯಂ ಹರ್ಷೆಲ್ಲನ ಚರಿತ್ರೆಯನ್ನು ಓದಿದಾಗ. ಅಷ್ಟು ಹೊತ್ತಿಗೆ ಆಯಿ ತೀರಿಕೊಂಡು ವರ್ಷಗಳಾಗಿದ್ದವು.

ಹರ್ಷೆಲ್ ಹುಟ್ಟಿದ್ದು ಜರ್ಮನಿಯ ಹ್ಯಾನೋವರಿನಲ್ಲಿ, ೧೭೩೮ರ ನವೆಂಬರ್ ೧೫ರಂದು. ತಂದೆ ಸೈನ್ಯದ ವಾದ್ಯಮೇಳದಲ್ಲಿ ಓಬೋ ಎಂಬ ಸುಷಿರವಾದ್ಯ ನುಡಿಸುವವನು. ಬಡತನದ ಮನೆಯಾದರೂ ರಾತ್ರಿ ಮಕ್ಕಳನ್ನು ಹೊರಗೆ ಕರೆದು ನಕ್ಷತ್ರ ತೋರಿಸುವಷ್ಟು ರಸಿಕ. ಮಗನೂ ಅದೇ ಮೇಳವನ್ನು ಸೇರಿದನು. ೧೭೫೭ರಲ್ಲಿ ಫ್ರೆಂಚರೊಡನೆ ನಡೆದ ಯುದ್ಧದಲ್ಲಿ ಹ್ಯಾನೋವರ್ ಸೋತಾಗ ಇಂಗ್ಲೆಂಡಿಗೆ ಹೋದನು. ಸಂಗೀತವೇ ಅವನಿಗೆ ಅಲ್ಲಿ ಅನ್ನ ಕೊಟ್ಟಿತು. ಬಾತ್ ಎಂಬ ಪಟ್ಟಣದ ಪ್ರಾರ್ಥನಾಮಂದಿರದಲ್ಲಿ ಆರ್ಗನ್ ವಾದಕನಾಗಿ, ಹಗಲೆಲ್ಲ ಶಿಷ್ಯರಿಗೆ ಪಾಠ ಹೇಳಿ, ರಾತ್ರಿ ಪುಸ್ತಕ ಹಿಡಿಯುತ್ತಿದ್ದನು. ಸ್ವರಶಾಸ್ತ್ರದ ಗ್ರಂಥವನ್ನು ಓದುತ್ತ ಓದುತ್ತ ಅದೇ ಗ್ರಂಥಕರ್ತನ ದ್ಯುತಿಶಾಸ್ತ್ರಕ್ಕೆ ಬಂದನು, ಅಲ್ಲಿಂದ ಹಿಂದಿರುಗಲಿಲ್ಲ.

ಒಳ್ಳೆಯ ದೂರದರ್ಶಕವನ್ನು ಕೊಳ್ಳಲು ಹಣವಿಲ್ಲದೆ ತಾನೇ ಕಟ್ಟಲು ತೊಡಗಿದನು. ತಾಮ್ರ ತವರಗಳ ಮಿಶ್ರಲೋಹದ ಕನ್ನಡಿಯನ್ನು ಉಜ್ಜಲು ಕುಳಿತರೆ ಹದ ಕೆಡದಿರಲೆಂದು ಹದಿನಾರು ಗಂಟೆ ಕೈ ತೆಗೆಯುತ್ತಿರಲಿಲ್ಲ. ತಂಗಿ ಕ್ಯಾರೊಲಿನಳು ಪಕ್ಕದಲ್ಲಿ ಕುಳಿತು ಬಾಯಿಗೆ ತುತ್ತಿಡುತ್ತಿದ್ದಳು. ೧೭೮೧ರಲ್ಲಿ ಮನೆಯ ನೆಲಮನೆಯಲ್ಲೇ ಭಾರಿ ಕನ್ನಡಿಯೊಂದನ್ನು ಎರಕ ಹೊಯ್ಯಲು ಹೋದಾಗ ಕಾದ ಲೋಹ ಸೋರಿ, ನೆಲದ ಚಪ್ಪಡಿಗಳು ಸಿಡಿದು ಹಾರಿ, ಎಲ್ಲರೂ ಜೀವ ಉಳಿದರೆ ಸಾಕೆಂದು ಓಡಬೇಕಾಯಿತು. ಅದೇ ವರ್ಷದ ಮಾರ್ಚ್ ೧೩ರ ರಾತ್ರಿ, ತಾನು ಮಾಡಿದ ಏಳು ಅಡಿಯ ದೂರದರ್ಶಕದಲ್ಲಿ ಯುರೇನಸ್ ಗ್ರಹವನ್ನು ಕಂಡಿದ್ದನು. ಅರಸನು ವರ್ಷಕ್ಕೆ ೨೦೦ ಪೌಂಡಿನ ವೇತನ ಗೊತ್ತುಮಾಡಿದನು. ಸಂಗೀತ ಅಲ್ಲಿಗೆ ಮುಗಿಯಿತು.

ಮುಗಿದದ್ದು ಅವನದು ಮಾತ್ರವಲ್ಲ. ಬಾಲ್ಯದಲ್ಲಿ ವಿಷಮಜ್ವರ ತಗಲಿ ಬೆಳವಣಿಗೆ ಕುಂಠಿತವಾಗಿ, ಮದುವೆಯಾಗದವಳೆಂದು ಮನೆಯ ಚಾಕರಿಗೆ ಮೀಸಲಾಗಿದ್ದ ಕ್ಯಾರೊಲಿನಳನ್ನು ೧೭೭೨ರಲ್ಲಿ ಕರೆತಂದು ಗಾಯಕಿಯನ್ನಾಗಿ ಮಾಡಿದವನು ಅಣ್ಣನೇ. ಬೇರೆ ಊರಿನಿಂದ ಕರೆ ಬರುವಷ್ಟು ಕೀರ್ತಿ ಅವಳಿಗೆ ಬಂದಿತ್ತು. ಅಣ್ಣನ ಮೇಳದಲ್ಲಲ್ಲದೆ ಹಾಡಲಾರೆನೆಂದು ಅವಳು ಅದನ್ನು ಬಿಟ್ಟಳು. ಅಣ್ಣನು ಮೇಳವನ್ನೇ ಬಿಟ್ಟಾಗ ಹಾಡೂ ನಿಂತಿತು. ಆ ಮೇಲೆ ಅವಳು ಎಂಟು ಧೂಮಕೇತುಗಳನ್ನು ಕಂಡುಹಿಡಿದಳು, ೧೭೮೭ರಿಂದ ರಾಜನ ವೇತನವನ್ನೂ ಪಡೆದಳು. ಆದರೆ ೧೭೮೮ರಲ್ಲಿ ಹರ್ಷೆಲ್ ಮದುವೆಯಾದಾಗ ಮನೆಯೊಡತಿಯ ಸ್ಥಾನ ಬಿಟ್ಟು ಬೇರೆ ಬಿಡಾರ ಹೂಡಬೇಕಾಯಿತು. ಅಲ್ಲಿಂದ ಮುಂದಿನ ಹತ್ತು ವರ್ಷಗಳ ದಿನಚರಿಯನ್ನು ಅವಳು ತಾನೇ ನಾಶಮಾಡಿದಳು. ಜೀವನಚರಿತ್ರೆ ಬರೆಯುವವರು ಯುರೇನಸ್ಸಿನ ರಾತ್ರಿಯನ್ನು ಸವಿಸ್ತಾರವಾಗಿ ವರ್ಣಿಸುತ್ತಾರೆ. ನನ್ನ ಮನಸ್ಸು ಮಾತ್ರ ಆ ಇಲ್ಲದ ಪುಟಗಳ ಮೇಲೆಯೇ ನಿಲ್ಲುತ್ತದೆ.

ಇನ್ನು ೧೮೦೦ನೆಯ ಇಸವಿಯ ಮಾತು. ಹರ್ಷೆಲ್ಲನಿಗೆ ಆಗ ಅರವತ್ತೊಂದು ದಾಟಿತ್ತು. ಸೂರ್ಯನನ್ನು ನೋಡಲು ಬಣ್ಣದ ಗಾಜುಗಳನ್ನು ಬಳಸುತ್ತಿದ್ದಾಗ ವಿಚಿತ್ರವೊಂದು ಕಂಡಿತು: ಕೆಲವು ಗಾಜಿನಲ್ಲಿ ಬೆಳಕು ಅತ್ಯಲ್ಪ, ಆದರೆ ಕಣ್ಣಿಗೆ ಉರಿ, ಕೆಲವರಲ್ಲಿ ಬೆಳಕು ಹೇರಳ, ಬಿಸಿ ಇಲ್ಲವೆನ್ನುವಷ್ಟು. ಹಾಗಾದರೆ ಬಣ್ಣಬಣ್ಣಕ್ಕೂ ಬಿಸಿ ಬೇರೆಯೆ?

ಇಲ್ಲಿ ವಾಚಕರು ನೀರಿನಲ್ಲಿ ಊರಿದ ಕೋಲನ್ನು ನೆನೆಯಬೇಕು. ಮಲಪ್ರಭೆಯಲ್ಲಿ ಕೋಲು ಮುರಿದಂತೆ ಕಾಣುವುದು ಬೆಳಕಿನ ನಡೆ ನೀರಿನಲ್ಲಿ ನಿಧಾನವಾಗುವುದರಿಂದ. ಗಾಳಿಯಲ್ಲಿನ ವೇಗದ ಮುಕ್ಕಾಲು ಪಾಲು ನೀರಿನಲ್ಲಿ. ಗಾಜಿನಲ್ಲಿ ಸುಮಾರು ಮೂರನೆಯ ಎರಡು ಪಾಲು. ಓರೆಯಾಗಿ ಬಂದ ಕಿರಣವು ಈ ವೇಗಭೇದದಿಂದ ಬಾಗುತ್ತದೆ. ಎಲ್ಲ ಬಣ್ಣಗಳೂ ಗಾಜಿನಲ್ಲಿ ಒಂದೇ ಸಮ ನಿಧಾನವಾಗುವುದಿಲ್ಲ. ನೇರಳೆ ಹೆಚ್ಚು ಬಾಗುತ್ತದೆ, ಕೆಂಪು ಎಲ್ಲಕ್ಕಿಂತ ಕಡಿಮೆ. ಆದುದರಿಂದಲೇ ಗಾಜಿನ ಪಟ್ಟಕದಿಂದ ಹೊರಬಂದ ಬಿಸಿಲು ಬಣ್ಣದ ಪಟ್ಟಿಯಾಗಿ ಹರಡುತ್ತದೆ.

ಆ ಪಟ್ಟಿಯನ್ನು ಹರ್ಷೆಲ್ ಮೇಜಿನ ಮೇಲೆ ಬೀಳಿಸಿ, ಬುಡಕ್ಕೆ ಕಪ್ಪು ಬಳಿದ ಉಷ್ಣಮಾಪಕವೊಂದನ್ನು ಬಣ್ಣದಲ್ಲಿಟ್ಟನು. ಹೋಲಿಕೆಗಾಗಿ ಬೇರೆಯವನ್ನು ಪಕ್ಕದ ನೆರಳಿನಲ್ಲಿಟ್ಟನು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೇರಳೆಯಲ್ಲಿ ಏರಿಕೆ ೨ ಅಂಶ, ಹಸುರಿನಲ್ಲಿ ೩ಕ್ಕಿಂತ ತುಸು ಹೆಚ್ಚು, ಕೆಂಪಿನಲ್ಲಿ ೭ಕ್ಕೆ ಸಮೀಪ. ಬಳಿಕ ಕೆಂಪು ಮುಗಿದ ಮೇಲಿನ ಬರಿಯ ಜಾಗದಲ್ಲಿಟ್ಟನು. ಕಣ್ಣಿಗೆ ಅಲ್ಲಿ ಏನೂ ಇಲ್ಲ. ಪಾದರಸ ಮಾತ್ರ ಇನ್ನೂ ಮೇಲಕ್ಕೇರಿತು. ಕೆಂಪಿಗಿಂತಲೂ ಕಡಿಮೆ ಬಾಗುವ ಕಿರಣಗಳಿವೆ, ಅವು ಕಾಣುವುದಿಲ್ಲ, ಬಿಸಿ ತರುತ್ತವೆ. ಅವಕೆಂಪು ಎಂಬ ಹೆಸರು ಅವಕ್ಕೆ ಬಂದದ್ದು ಮುಂದೆ. (ಬಿಸಿಲಿನ ಶಕ್ತಿಯ ಶಿಖರವೇ ಕೆಂಪಿನಾಚೆ ಇದೆಯೆಂದು ಇದರಿಂದ ತಿಳಿಯಬಾರದು. ಪಟ್ಟಕವು ಕೆಂಪಿನ ಕಡೆಯ ಕಿರಣಗಳನ್ನು ಒತ್ತಾಗಿ ಕೂಡಿಸುವುದರಿಂದಲೂ ಅಲ್ಲಿ ಬಿಸಿ ಮಿಗಿಲಾಗಿ ಕಂಡಿತು.) ಮರುವರ್ಷವೇ ರಿಟ್ಟರನೆಂಬವನು ನೇರಳೆಯ ಆಚೆಗೂ ಕಾಣದ ಕಿರಣಗಳಿರುವುದನ್ನು ತೋರಿಸಿದನು.

ಕಾಣದ ಈ ಕಿರಣಗಳೂ ಬೆಳಕಿನಂತೆಯೇ ಪ್ರತಿಫಲಿಸುತ್ತವೆ, ಬಾಗುತ್ತವೆ ಎಂಬುದನ್ನು ಹರ್ಷೆಲ್ಲನೇ ದೀಪ, ಬೆಂಕಿ, ಕಾದ ಕಬ್ಬಿಣಗಳಿಂದ ಪರೀಕ್ಷಿಸಿ ಕಂಡನು. ಮೊದಮೊದಲು ಎರಡೂ ಒಂದೇ ಜಾತಿಯವೆಂದು ನಂಬಿದ್ದನು ಕೂಡ. ಆದರೆ ಗಾಜುಗಳು ಬೆಳಕನ್ನು ಒಂದು ಪ್ರಮಾಣದಲ್ಲಿಯೂ ಬಿಸಿಯನ್ನು ಮತ್ತೊಂದು ಪ್ರಮಾಣದಲ್ಲಿಯೂ ತಡೆಯುವುದನ್ನು ಅಳೆಯುತ್ತ ಹೋಗಿ, ಅದೇ ವರ್ಷದೊಳಗೆ, ಬೆಳಕು ಬೇರೆ, ಬಿಸಿಯ ಕಿರಣ ಬೇರೆ ಎಂಬ ತಪ್ಪು ನಿರ್ಣಯಕ್ಕೆ ಬಂದನು. ಸತ್ಯದ ಹೊಸ್ತಿಲಲ್ಲಿ ಕುಳಿತವನು ಎದ್ದು ಹಿತ್ತಲ ಬಾಗಿಲಿನಿಂದ ಹೊರಟಂತಾಯಿತು. ಆದರೂ ಅವನನ್ನು ಹಳಿಯಲು ನನಗೆ ಮನಸ್ಸು ಬರುವುದಿಲ್ಲ. ತನ್ನ ನಂಬಿಕೆಗಿಂತ ತನ್ನ ಅಳತೆಗಳಿಗೆ ಬೆಲೆ ಕೊಟ್ಟು ತಪ್ಪಿದವನು ಅವನು. ಹರ್ಷೆಲ್ ೧೮೨೨ರ ಆಗಸ್ಟ್ ೨೫ರಂದು ತೀರಿಕೊಂಡನು. ಕ್ಯಾರೊಲಿನಳು ಹ್ಯಾನೋವರಿಗೆ ಮರಳಿ, ೧೮೪೮ರವರೆಗೆ, ತೊಂಬತ್ತೇಳು ವರ್ಷ ಬಾಳಿದಳು.

ಇಷ್ಟು ದೂರದ ಚರಿತ್ರೆ ನಮ್ಮ ಸೀಮೆಗೆ ಬಂದು ತಗಲುವ ಸ್ವಾರಸ್ಯವೊಂದುಂಟು. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ೧೮೬೮ರ ಆಗಸ್ಟ್ ೧೮ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಲು ಅಲ್ಲಿಗೆ ಬಂದ ಭೂಮಾಪನ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಈ ವಿಲಿಯಮ್ಮನ ಮೊಮ್ಮಗ. ಅಜ್ಜನ ಪಟ್ಟಕದ ತತ್ತ್ವದಿಂದಲೇ ರಚಿತವಾದ ರೋಹಿತದರ್ಶಕ ಅವನ ಕೈಯಲ್ಲಿತ್ತು. ಮಳೆಗಾಲದ ಮೋಡ ಕಾಡಿದರೂ ನಡುವೆ ಸಿಕ್ಕ ತೆರವಿನಲ್ಲಿ, ಸೂರ್ಯನಂಚಿನ ಜ್ವಾಲೆಯ ಬೆಳಕು ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಉಜ್ಜ್ವಲ ಗೆರೆಗಳಾಗಿ ಒಡೆದು ಕಂಡಿತು. ಆ ಜ್ವಾಲೆ ಕಾದ ಅನಿಲವೆಂಬುದು ಅದರಿಂದ ಖಚಿತವಾಯಿತು. ಕಿತ್ತಳೆಯ ಗೆರೆ ಸೋಡಿಯಂನದೆಂದು ಅವನು ಭಾವಿಸಿದನು. ಅವನೂ ಅಜ್ಜನಂತೆಯೇ ಹೊಸ್ತಿಲಲ್ಲಿ ತಪ್ಪಿದನು: ಅದು ಭೂಮಿಯ ಮೇಲೆ ಯಾರೂ ಅರಿಯದಿದ್ದ ಹೀಲಿಯಂನ ಗೆರೆ. ಅದೇ ಅನಿಲವನ್ನು ರಾಮ್ಸೆ ಪ್ರಯೋಗಶಾಲೆಯಲ್ಲಿ ಹಿಡಿದದ್ದು ೧೮೯೫ರಲ್ಲಿ. ತರಗತಿಯಲ್ಲಿ ಇದನ್ನು ಹೇಳಿದಾಗ ಜಮಖಂಡಿಯ ಕಡೆಯ ಹುಡುಗರೇ ನಂಬಲಿಲ್ಲ.

೨೦೦೯ರಲ್ಲಿ ಯುರೋಪಿನವರು ಮೂರೂವರೆ ಮೀಟರ್ ಕನ್ನಡಿಯ ದೂರದರ್ಶಕವೊಂದನ್ನು ಆಕಾಶಕ್ಕೆ ಕಳುಹಿಸಿ ಅದಕ್ಕೆ ಹರ್ಷೆಲ್ಲನ ಹೆಸರಿಟ್ಟರು. ಅದು ನೋಡಿದ್ದು ಅವಕೆಂಪು ಕಿರಣಗಳನ್ನೇ. ಬಾದಾಮಿಯ ಬಂಡೆಯಂತೆ ಬೆಚ್ಚಗಿರುವ ಪ್ರತಿಯೊಂದು ವಸ್ತುವೂ ಆ ಕಿರಣವನ್ನು ಸೂಸುವುದರಿಂದ, ತನ್ನ ಬಿಸಿಯೇ ತನಗೆ ತೆರೆಯಾಗದಂತೆ ಅದರ ಉಪಕರಣಗಳನ್ನು ದ್ರವರೂಪದ ಹೀಲಿಯಂನಿಂದ ತಣ್ಣಗಿಡಬೇಕಾಗಿತ್ತು. ೨೦೧೩ರ ಏಪ್ರಿಲ್ ೨೯ರಂದು ಆ ಹೀಲಿಯಂ ತೀರಿತು; ಅಂದಿಗೆ ಆ ದೂರದರ್ಶಕದ ನೋಟವೂ ನಿಂತಿತು.