ಕ್ವಾಮೆ ಎನ್‌ಕ್ರೂಮಾ

ಪಶ್ಚಿಮ ಆಫ್ರಿಕದ ಕಡಲತೀರದಲ್ಲಿರುವ ಘಾನಾ ದೇಶವನ್ನು ಬ್ರಿಟಿಷರು ಗೋಲ್ಡ್ ಕೋಸ್ಟ್, ಎಂದರೆ ಚಿನ್ನದ ಕರಾವಳಿ, ಎಂದು ಕರೆಯುತ್ತಿದ್ದರು. ಅಲ್ಲಿಯ ಚಿನ್ನವೂ ಕೋಕೋ ಬೀಜವೂ ಹಡಗನ್ನೇರಿ ಪರದೇಶಗಳಿಗೆ ಸಾಗುತ್ತಿದ್ದವು. ಲಾಭದ ಬಹುಪಾಲು ಪರರ ಪಾಲಾಗುತ್ತಿತ್ತು. ಈ ಸ್ಥಿತಿಯನ್ನು ಬದಲಿಸಲು ಪಣತೊಟ್ಟವರು ಕ್ವಾಮೆ ಎನ್‌ಕ್ರೂಮಾ.

ಅವರು 1909ರಲ್ಲಿ ಎನ್‌ಕ್ರೋಫುಲ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಅಕ್ಕಸಾಲಿಗರು, ತಾಯಿ ಸಣ್ಣ ವ್ಯಾಪಾರ ಮಾಡುತ್ತಿದ್ದರು. ಕೆಲಕಾಲ ಉಪಾಧ್ಯಾಯರಾಗಿದ್ದ ಎನ್‌ಕ್ರೂಮಾ 1935ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕೆಗೆ ತೆರಳಿ, ಕೂಲಿನಾಲಿ ಮಾಡಿ ವಿದ್ಯೆ ಸಂಪಾದಿಸಿದರು. 1947ರಲ್ಲಿ ಡಾಂಕ್ವಾ ಮೊದಲಾದ ಹಿರಿಯ ನಾಯಕರು ತಮ್ಮ ಸಂಸ್ಥೆಯ ಕಾರ್ಯದರ್ಶಿಯಾಗಲು ಅವರನ್ನು ಸ್ವದೇಶಕ್ಕೆ ಕರೆಸಿಕೊಂಡರು. ಆದರೆ ಹಿರಿಯರ ನಿಧಾನಗತಿ ಅವರಿಗೆ ಒಗ್ಗಲಿಲ್ಲ. 1949ರಲ್ಲಿ ಬೇರೊಂದು ಪಕ್ಷವನ್ನು ಕಟ್ಟಿದರು. ಗಾಂಧೀಜಿಯವರ ಮಾರ್ಗದಿಂದ ಪ್ರೇರಣೆ ಪಡೆದು ಅಹಿಂಸಾತ್ಮಕ ಚಳವಳಿ ಹೂಡಿ ಸೆರೆಮನೆ ಸೇರಿದರು. ಸೆರೆಯಲ್ಲಿದ್ದುಕೊಂಡೇ 1951ರ ಚುನಾವಣೆಯಲ್ಲಿ ಜಯಗಳಿಸಿದರು. 1957ರ ಮಾರ್ಚ್ 6ರಂದು ದೇಶ ಸ್ವತಂತ್ರವಾಯಿತು. ಎನ್‌ಕ್ರೂಮಾ ಅದರ ಪ್ರಥಮ ಪ್ರಧಾನಿಯಾದರು.

ಇತರ ದೇಶಗಳು ಶತಮಾನಗಳಲ್ಲಿ ಸಾಧಿಸಿದುದನ್ನು ಕೆಲವೇ ವರ್ಷಗಳಲ್ಲಿ ಸಾಧಿಸಬೇಕೆಂಬುದು ಅವರ ಹಂಬಲ. ಶಾಲೆಗಳು, ರಸ್ತೆಗಳು, ಆಸ್ಪತ್ರೆಗಳು ಹೆಚ್ಚಿದವು. ತೇಮಾದಲ್ಲಿ ಹೊಸ ಬಂದರು ನಿರ್ಮಾಣವಾಯಿತು. ವೋಲ್ಟಾ ನದಿಗೆ ಅಕೊಸೊಂಬೊ ಎಂಬಲ್ಲಿ ಬೃಹತ್ ಅಣೆಕಟ್ಟು ಎದ್ದಿತು. ಆದರೆ ಈ ಪ್ರಗತಿಗೆ ತೆತ್ತ ಬೆಲೆ ಅಲ್ಪವಲ್ಲ. ಜಲಾಶಯದಲ್ಲಿ ನೂರಾರು ಹಳ್ಳಿಗಳು ಮುಳುಗಿ, ಸುಮಾರು 80,000 ಜನ ನೆಲೆ ಕಳೆದುಕೊಂಡರು. ಕಟ್ಟೆಗೆ ಹಣ ಒದಗಬೇಕಾದರೆ, ವಿದ್ಯುತ್ತಿನ ಬಹುಪಾಲನ್ನು ವಿದೇಶೀಯರ ಅಲ್ಯೂಮಿನಿಯಂ ಕಾರ್ಖಾನೆಗೆ ಅಗ್ಗವಾಗಿ ಮಾರಲು ಒಪ್ಪಬೇಕಾಯಿತು. ಅಷ್ಟರಲ್ಲಿ ಕೋಕೋ ಬೆಲೆ ಕುಸಿಯಿತು, ಸಾಲ ಬೆಳೆಯಿತು.

ಟೀಕೆಯನ್ನು ಪ್ರಗತಿಗೆ ಅಡ್ಡಿಯೆಂದು ಎನ್‌ಕ್ರೂಮಾ ಭಾವಿಸಿದರು. ವಿಚಾರಣೆಯಿಲ್ಲದೆ ಬಂಧಿಸುವ ಶಾಸನ 1958ರಲ್ಲಿ ಜಾರಿಗೆ ಬಂದಿತು. 1964ರಲ್ಲಿ ಅವರ ಪಕ್ಷವೊಂದನ್ನುಳಿದು ಬೇರೆಲ್ಲ ಪಕ್ಷಗಳೂ ನಿಷಿದ್ಧವಾದವು. ಒಂದು ಕಾಲಕ್ಕೆ ಅವರನ್ನು ಸ್ವದೇಶಕ್ಕೆ ಬರಮಾಡಿಕೊಂಡಿದ್ದ ಡಾಂಕ್ವಾ, 1965ರಲ್ಲಿ ಸ್ವತಂತ್ರ ಘಾನಾದ ಸೆರೆಮನೆಯಲ್ಲಿಯೇ ಕೊನೆಯುಸಿರೆಳೆದರು. ಆಳುವವರಿಗೆ ಕಹಿಸತ್ಯವನ್ನು ತಿಳಿಸುವ ಧೈರ್ಯ ಯಾರಲ್ಲಿಯೂ ಉಳಿಯಲಿಲ್ಲ.

1966ರ ಜನವರಿಯಲ್ಲಿ ಎನ್‌ಕ್ರೂಮಾ ಅಣೆಕಟ್ಟಿನ ಉದ್ಘಾಟನೆ ನೆರವೇರಿಸಿದರು. ಮರುತಿಂಗಳೇ, ಅವರು ವಿದೇಶ ಪ್ರವಾಸದಲ್ಲಿದ್ದಾಗ, ಸೈನ್ಯವು ಅಧಿಕಾರವನ್ನು ಕಸಿದುಕೊಂಡಿತು. ಜಯಕಾರ ಮಾಡಿದ್ದ ಬೀದಿಗಳಲ್ಲಿಯೇ ಅವರ ಪ್ರತಿಮೆ ಉರುಳಿತು. ನೆರೆಯ ಪ್ರದೇಶದ ಗಿನಿ ದೇಶ ಅವರಿಗೆ ಆಶ್ರಯ ನೀಡಿತು. ಮತ್ತೆ ತಾಯ್ನಾಡನ್ನು ಕಾಣುವ ಭಾಗ್ಯ ಅವರಿಗೆ ಲಭಿಸಲಿಲ್ಲ. 1972ರಲ್ಲಿ ರುಮೇನಿಯದಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಗ ನಿಧನಹೊಂದಿದರು.

ಅವರು ಕಟ್ಟಿಸಿದ ಅಣೆಕಟ್ಟು ಇಂದಿಗೂ ಘಾನಾದ ಮನೆಗಳಿಗೆ ಬೆಳಕು ನೀಡುತ್ತಿದೆ. ಘಾನಾದ ಜನ ಅವರನ್ನು ರಾಷ್ಟ್ರನಿರ್ಮಾಪಕರೆಂದು ಗೌರವಿಸುತ್ತಾರೆ. ನಾಡನ್ನು ಕಟ್ಟಲು ಕಲ್ಲು, ಕಬ್ಬಿಣ, ವಿದ್ಯುತ್ತುಗಳಷ್ಟೇ ಸಾಲವು; ಜನರು ನಿರ್ಭಯವಾಗಿ ಮಾತನಾಡುವ ಸ್ವಾತಂತ್ರ್ಯವೂ ಅಷ್ಟೇ ಅವಶ್ಯಕವೆಂಬುದನ್ನು ಅವರ ಏಳುಬೀಳುಗಳೆರಡೂ ಸಾರುತ್ತವೆ.